ನಿಂತಾಗ ಸೋರುತ್ತಿದ್ದ ಕಾರು

ಗಂಗಾವತಿಯಲ್ಲಿ ನಾನು ಫ್ರಿಜ್ ರಿಪೇರಿಯ ಅಂಗಡಿ ಇಟ್ಟದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿ. ಒಂದು ಮಗ್ಗುಲಿಗೆ ಪಂಕ್ಚರ್ ಹಾಕುವವ, ಇನ್ನೊಂದು ಮಗ್ಗುಲಿಗೆ ಮಿರ್ಚಿ ಕರಿಯುವ ಹೆಣ್ಣುಮಗಳು, ನಡುವೆ ನಾನು. ಬಳ್ಳಾರಿಯಲ್ಲಿ ಐಟಿಐ ಮುಗಿಸಿ, ಹೈದರಾಬಾದಿನ ಒಬ್ಬ ಉಸ್ತಾದರ ಕೈಕೆಳಗೆ ಕೆಲವು ವರ್ಷ ಕೆಲಸ ಕಲಿತು ಬಂದಿದ್ದೆ. ಊರಲ್ಲಿ ಅಕ್ಕಿ ಗಿರಣಿಗಳು ಹೆಚ್ಚಿದ ಹಾಗೆ ಮನೆಗಳಲ್ಲಿ ಫ್ರಿಜ್ಜುಗಳೂ ಹೆಚ್ಚುತ್ತಿದ್ದವು. ಅವು, ಐಸ್ ಕ್ಯಾಂಡಿ ಮಾಡುವವರ ಯಂತ್ರ, ದವಾಖಾನೆಯಲ್ಲಿ ಲಸಿಕೆ ಇಡುವ ಪೆಟ್ಟಿಗೆ, ಇವೇ ನನ್ನ ಹೊಟ್ಟೆಪಾಡು.

ಕಾರಿನ ಎ.ಸಿ. ಮಾತ್ರ ಅಪರೂಪ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಲ್ಲ ಸುತ್ತಿದರೂ ಅಂಥ ಕಾರು ಒಂದೋ ಎರಡೋ ಸಿಕ್ಕಾವು. ಹಾಗೆ ಸಿಕ್ಕರೂ ಅದು ಕಾರಿನ ಜೊತೆ ಹುಟ್ಟಿದ್ದಲ್ಲ, ಹೈದರಾಬಾದಿನಲ್ಲೋ ಮುಂಬಯಿಯಲ್ಲೋ ಆಮೇಲೆ ಕೂಡಿಸಿದ್ದು. ಫ್ರಿಜ್ಜು ಮೂಲೆಯಲ್ಲಿ ನಿಂತು ಕೆಲಸ ಮಾಡುತ್ತದೆ. ಕಾರಿನದು ನಮ್ಮ ಕಡೆಯ ರಸ್ತೆಗಳಲ್ಲಿ ಕುಣಿಯುತ್ತ ಕೆಲಸ ಮಾಡಬೇಕು. ಅದರ ಮೈಯೆಲ್ಲ ಕೀಲು, ಕೀಲಿಗೊಂದು ಸಂಶಯ.

ಒಳಗಿನ ಗ್ಯಾಸಿನ ವಿಷಯದಲ್ಲಿ ಗಿರಾಕಿಗಳಿಗೆ ನಾನು ಹೇಳುತ್ತಿದ್ದ ಮಾತು ಒಂದೇ. ಅದು ಸೀಮೆಎಣ್ಣೆಯಂತೆ ಉರಿದು ತೀರುವ ಪದಾರ್ಥವಲ್ಲ. ಒಳಗೊಳಗೇ ಸುತ್ತುತ್ತ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ದಾರಿ ಮಾಡಿಕೊಂಡಿದೆ. ಆ ದಾರಿಯನ್ನು ಹುಡುಕುವುದೇ ಕಷ್ಟ. ಅದಕ್ಕೆ ಬಣ್ಣವಿಲ್ಲ, ಇದೆ ಅನ್ನುವಷ್ಟು ವಾಸನೆಯಿಲ್ಲ, ಸದ್ದಿಲ್ಲ. ಹೋಗುವಾಗ ಹೇಳಿ ಹೋಗುವುದಿಲ್ಲ. ತಂಪು ನಿಂತಾಗಲೇ ನಮಗೆ ಗೊತ್ತಾಗುವುದು.

ಅಂಗಡಿ ಇಟ್ಟ ಮರುವರ್ಷ ಶಿವರಾತ್ರಿಯ ಹಿಂದೆಮುಂದೆ ಒಂದು ಬಿಳಿ ಕಾರು ಅಂಗಡಿಯ ಮುಂದೆ ಬಂದು ನಿಂತಿತು. ಧೋತರ, ಕರಿ ಟೊಪ್ಪಿಗೆಯ ಎತ್ತರದ ಮನುಷ್ಯರೊಬ್ಬರು ಇಳಿದರು. ಕುಕನೂರಿನಲ್ಲಿ ದಲಾಲಿ ಅಂಗಡಿ ಇಟ್ಟವರು, ಶೇಂಗಾ ಮತ್ತು ಹತ್ತಿಯ ವ್ಯಾಪಾರ. ನಾಲ್ಕೂ ಕಿಟಕಿ ತೆರೆದಿದ್ದವು. ಎ.ಸಿ. ಇರುವ ಕಾರಿನಿಂದ ಅವರು ಬೆವರು ಒರೆಸಿಕೊಳ್ಳುತ್ತ ಇಳಿದದ್ದು ನನಗೆ ವಿಚಿತ್ರವಾಗಿ ಕಂಡಿತು.

“ಗ್ಯಾಸ್ ಮುಗದೈತ್ರಿ. ತುಂಬಿ ಕೊಡ್ರಿ,” ಅಂದರು.

“ಮುಗಿಯೂದಲ್ರಿ ಸಾವ್ಕಾರ್ರ ಅದು. ಎಲ್ಲ್ಯೋ ಸೋರಾಕತ್ತಿರತೈತಿ.”

“ಹುಬ್ಬಳ್ಳ್ಯಾಗೂ ಹಂಗ ಅಂದ್ರು. ಹುಡುಕಿದ್ರು, ಸಿಗಲಿಲ್ಲ. ತುಂಬಿ ಕಳಿಸಿದ್ರು. ಒಂದ ವಾರಕ್ಕ ಮತ್ತ ಅದ ಕತಿ.”

ಗ್ಯಾಸು ತುಂಬಿ, ಎ.ಸಿ. ಓಡಿಸಿ ನೋಡಿದೆ. ಆಮೇಲೆ ಸಾಬೂನು ನೀರನ್ನು ಬುರುಗು ಬರುವಂತೆ ಕಲಸಿ, ಬ್ರಷ್ಷಿನಿಂದ ಒಂದೊಂದೇ ಕೀಲಿಗೆ ಹಚ್ಚಿದೆ. ಸೋರುವ ಕಡೆ ಗುಳ್ಳೆ ಏಳಬೇಕು. ಎಲ್ಲಿಯೂ ಏಳಲಿಲ್ಲ. ಒಂದೆರಡು ನಟ್ಟು ಬಿಗಿ ಮಾಡಿ ಮತ್ತೆ ಎ.ಸಿ. ಹಚ್ಚಿದೆ. ಒಳಗೆ ಚಳಿ ಹಿಡಿಯುವಷ್ಟು ತಂಪಾಯಿತು. ಸಾಹುಕಾರರು ಕೈ ಒಳಗಿಟ್ಟು ಒಮ್ಮೆ ನೋಡಿದರು, ಕೂಡಲೇ ಎ.ಸಿ. ಬಂದ್ ಮಾಡಿಸಿ, ಮತ್ತೆ ಕಿಟಕಿ ತೆರೆದುಕೊಂಡು ಬಿಸಿಲಲ್ಲೇ ಹೊರಟುಹೋದರು. ಇಷ್ಟು ಜಿಪುಣತನ ಇರುವವರು ಎ.ಸಿ. ಯಾಕೆ ಇಟ್ಟುಕೊಂಡಿದ್ದಾರೋ ಅಂದುಕೊಂಡೆ.

ಹದಿನೈದು ದಿನ ಆಗಿತ್ತೋ ಇಲ್ಲವೋ, ಕಾರಿನ ಡ್ರೈವರ್ ಒಬ್ಬನೇ ಬಸ್ಸಿನಲ್ಲಿ ಬಂದ. ನಡುವಯಸ್ಸು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. “ತಂಪು ಹೋತ್ರಿ. ಗಾಡಿ ತರಬ್ಯಾಡ, ಅವರನ್ನ ಕರ್ಕೊಂಡ ಬಾ ಅಂದಾರ. ಯಾರ ಸಲುವಾಗಿ ಅಂತ ಅವರೂ ನೋಡಲಿ ಅಂದಾರ.” ಸಾಮಾನಿನ ಪೆಟ್ಟಿಗೆ ಹೊತ್ತು ಅವನ ಜೊತೆ ಕುಕನೂರಿನ ಬಸ್ಸು ಹತ್ತಿದೆ.

ಕಾಲುವೆಯ ಹಸಿರು ಮುಗಿದು ಎರೆಹೊಲಗಳು ಶುರುವಾಗುತ್ತಲೇ ಬಿಸಿಲಿನ ಬಣ್ಣವೇ ಬೇರೆಯಾಗುತ್ತದೆ. ಸಾಹುಕಾರರ ಮನೆ ಪೇಟೆಯ ಹಿಂದೆ, ದಪ್ಪ ಕಲ್ಲುಗೋಡೆಯ ಮನೆ. ಪಡಸಾಲೆ ದಾಟಿ ಒಳಗಿನ ಒಂದು ಕೋಣೆಗೆ ಕರೆದೊಯ್ದರು. ಬಾಗಿಲಿಗೆ, ಕಿಟಕಿಗೆ ಲಾವಂಚದ ತಟ್ಟಿ. ಅದರ ಮೇಲೆ ಮನೆಯಾಕೆ ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದರು. ಒಳಗೆ ಹಸಿ ಮಣ್ಣಿನ ವಾಸನೆ, ಅರೆಗತ್ತಲು. ನೆಲದ ಮೇಲೆ ಒಬ್ಬ ಹುಡುಗಿ ತಲೆಗೆ, ಹೆಗಲಿಗೆ ಒದ್ದೆ ಟವೆಲ್ ಹೊದ್ದು ಓದುತ್ತ ಕೂತಿದ್ದಳು. ಹದಿನಾರರ ಸುಮಾರು ಇರಬಹುದು. ಟವೆಲ್ಲಿನ ಕೆಳಗೆ ಕಂಡ ಕೂದಲು ಬಹಳ ತೆಳ್ಳಗಿತ್ತು. ನಕ್ಕಾಗ ಹಲ್ಲುಗಳು ಕೆಲವೇ, ಅವೂ ಮೊನಚಾಗಿ. ತೋಳಿನ ಚರ್ಮ ಒಣಗಿ, ನುಣ್ಣಗೆ ಹೊಳೆಯುತ್ತಿತ್ತು.

“ಇಕಿಗೆ ಬೆವರ ಬರೂದಿಲ್ಲರಿ,” ಸಾಹುಕಾರರು ಹೇಳಿದರು. “ಹುಟ್ಟಿದಾಗಿಂದ. ಬೆವರು ಬರೂ ಜಾಗಾನ ಮೈಯಾಗ ಇಲ್ಲ ಅಂದ್ರು ಡಾಕ್ಟರ್. ಬಿಸಲಿಗೆ ಹೋದ್ರ ಮೈ ಕಾಯತೈತಿ. ಕಾದದ್ದು ಇಳಿಯೂದಿಲ್ಲ. ಔಷಧ ಏನಿಲ್ಲಂತ. ತಂಪಿನ್ಯಾಗ ಇಡ್ರಿ, ಅಷ್ಟ ಅಂದ್ರು.”

ಅವಳು ಸಣ್ಣವಳಿದ್ದಾಗ ನಡೆದದ್ದನ್ನು ಪಡಸಾಲೆಯಲ್ಲಿ ಕೂತು ಅವರು ಹೇಳಿದರು. ಆಗ ಈ ರೋಗದ ಸುದ್ದಿ ಅವರಿಗೆ ಇನ್ನೂ ಗೊತ್ತಿರಲಿಲ್ಲ. ಇರಕಲ್ಲಗಡದ ನೆಂಟರ ಮನೆಯ ಮದುವೆಗೆ ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ಹೊರಟಿದ್ದರು. ಮಟಮಟ ಮಧ್ಯಾಹ್ನ, ನಡುದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಸುತ್ತ ಒಂದು ಗಿಡದ ನೆರಳಿಲ್ಲ. ಮಗುವಿನ ಮೈ ಸುಡತೊಡಗಿತು, ಕಣ್ಣು ಮೇಲಾದವು, ಕತ್ತು ಜೋತುಬಿತ್ತು. ಹೊಲದಿಂದ ಮನೆಗೆ ನೀರು ಹೊತ್ತು ಹೊರಟಿದ್ದ ಯಾರೋ ಹೆಣ್ಣುಮಗಳು ಓಡಿಬಂದು, ತಲೆಯ ಮೇಲಿನ ಕೊಡವನ್ನೇ ಮಗುವಿನ ಮೇಲೆ ಸುರಿದಳು. ಮಗು ಉಳಿಯಿತು. “ಅಕಿ ಯಾರಂತ ಕೇಳೂದ ಮರತ್ವಿ,” ಅಂದರು ಸಾಹುಕಾರರು. “ಅವತ್ತಿನಿಂದ ಬ್ಯಾಸಿಗ್ಯಾಗ ಇಕಿನ್ನ ಹೊಸ್ತಿಲಾ ದಾಟಿಸಿಲ್ಲ.”

ಮಳೆಗಾಲ, ಚಳಿಗಾಲದಲ್ಲಿ ಹುಡುಗಿ ಸಾಲಿಗೆ ಹೋಗುತ್ತಿದ್ದಳು. ಬಿಸಿಲು ಬಲಿತರೆ ಈ ಕೋಣೆ. ಹೀಗೇ ಹತ್ತನೆಯ ತರಗತಿಯ ತನಕ ಬಂದಿದ್ದಳು. ಆದರೆ ಕೊನೆಯ ಪರೀಕ್ಷೆ ಏಪ್ರಿಲ್ಲಿನಲ್ಲಿ, ಅದೂ ಯಲಬುರ್ಗಾದಲ್ಲಿ. ಅದಕ್ಕಾಗಿಯೇ ಅವರು ಹೈದರಾಬಾದಿನಲ್ಲಿ ಯಾರೋ ದೊಡ್ಡವರು ಓಡಿಸಿ ಬಿಟ್ಟ ಎ.ಸಿ. ಕಾರನ್ನು ಹುಡುಕಿ ತಂದಿದ್ದರು. ಅದರ ತಂಪು ಮಗಳದ್ದು ಅಂತ ಅವರ ಲೆಕ್ಕ. ತಾವು ಕೂತಾಗ ಅದನ್ನು ಹಚ್ಚುತ್ತಿರಲಿಲ್ಲ. ನಾನು ಜಿಪುಣತನ ಅಂದುಕೊಂಡಿದ್ದು ಇದನ್ನು.

ಹಿತ್ತಲಿನ ಛಪ್ಪರದ ಕೆಳಗೆ ಕಾರು ನಿಂತಿತ್ತು. ಮೇಲೆ ದಪ್ಪನೆಯ ತಾಡಪತ್ರಿ ಹೊದಿಸಿದ್ದರು. ಅದನ್ನು ತೆಗೆದು, ಗ್ಯಾಸು ತುಂಬಿ, ಎ.ಸಿ. ಚಾಲೂ ಮಾಡಿ ನೋಡಿ, ಆಮೇಲೆ ಹುಡುಕಲು ನನ್ನ ದೀಪ ಹೊರತೆಗೆದೆ. ಸೋರಿಕೆ ಹುಡುಕುವ ಈ ದೀಪವನ್ನು ಉಸ್ತಾದರು ನಾನು ಹೊರಡುವಾಗ ಕೊಟ್ಟಿದ್ದರು. ಸಣ್ಣದೊಂದು ಅಡುಗೆ ಗ್ಯಾಸಿನ ಡಬ್ಬಿ, ಅದರ ಮೇಲೆ ಬರ್ನರು, ಬರ್ನರಿನಲ್ಲಿ ಕಾದು ಕೆಂಪಾಗುವ ತಾಮ್ರದ ಬಿಲ್ಲೆ, ಮಗ್ಗುಲಿಗೆ ಉದ್ದನೆಯ ರಬ್ಬರ್ ನಳಿಕೆ. ನಳಿಕೆಯ ತುದಿಯನ್ನು ಕೀಲುಗಳ ಹತ್ತಿರ ಆಡಿಸುತ್ತ ಹೋಗಬೇಕು. ಅದು ಹೀರಿದ ಗಾಳಿ ತಾಮ್ರದ ಮೇಲೆ ಹಾಯುತ್ತದೆ. ಗಾಳಿಯಲ್ಲಿ ಎ.ಸಿ. ಗ್ಯಾಸಿನ ಸುಳಿವು ಇದ್ದರೆ ನೀಲಿ ಉರಿ ಹಸಿರಾಗುತ್ತದೆ.

ಗಾಳಿ ಬೀಸಿದರೆ ಈ ದೀಪ ಕೆಲಸಕ್ಕೆ ಬಾರದು. ಡ್ರೈವರು ಮತ್ತು ನಾನು ಕಾರಿನ ಸುತ್ತ ಗೋಣಿತಟ್ಟು ಕಟ್ಟಿದೆವು. ಆ ಹಿತ್ತಲಿಗೆ ಹುಡುಗಿಯ ಕೋಣೆಯ ಕಿಟಕಿ ತೆರೆಯುತ್ತಿತ್ತು. ತಟ್ಟಿಯನ್ನು ಒಂದು ಗೇಣು ಸರಿಸಿ ಅವಳು ನೋಡುತ್ತಿದ್ದಳು.

“ಅಣ್ಣಾರ, ಅದು ದೀಪಾನೋ ಒಲಿನೋ?”

“ದೀಪ ಯವ್ವಾ. ಗ್ಯಾಸಿನ ವಾಸನಿ ಹಿಡದ್ರ ಹಸರ ಆಗತೈತಿ.”

“ಒಮ್ಮಿ ಹಸರ ಮಾಡಿ ತೋರಸ್ರಿ ಮತ್ತ.”

ಗ್ಯಾಸಿನ ಸಿಲಿಂಡರಿನ ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿ ನಳಿಕೆ ಹಿಡಿದೆ. ಉರಿ ಗಿಳಿಯ ರೆಕ್ಕೆಯ ಬಣ್ಣಕ್ಕೆ ತಿರುಗಿತು. ಅವಳು ಕಿಟಕಿಯಲ್ಲೇ ಚಪ್ಪಾಳೆ ತಟ್ಟಿದಳು. ಆ ಹಸಿರು ಉರಿಯ ಹೊಗೆ ಮೂಗಿಗೆ ಒಳ್ಳೆಯದಲ್ಲ. ನಾನು ಕೆಮ್ಮುತ್ತ ತಿರುಪು ಬಿಗಿ ಮಾಡಿದೆ.

“ಆ ನಳಿಗಿ ನನಗ ಹಿಡದ್ರ ಹಸರ ಆಗೂದಿಲ್ಲ ಬಿಡ್ರಿ,” ಅಂದಳು. “ನಿಮ್ಮ ಗಾಡಿ ಸೋರತೈತಿ ಅಂತ ಚಿಂತಿ. ನಾ ಸೋರೂದಿಲ್ಲ ಅಂತ ಅಪ್ಪಗ ಚಿಂತಿ.”

ಒಳಗಿನಿಂದ ತಾಯಿ “ಸುಮ್ಮನಿರಽ” ಅಂತ ಗದರಿದರು. ಡ್ರೈವರು ಮುಖ ಆಚೆ ತಿರುಗಿಸಿ ನಕ್ಕ. ಆ ಹುಡುಗಿಗೆ ತನ್ನ ಮೈಯ ಬಗ್ಗೆ ಯಾರಾದರೂ ದನಿ ತಗ್ಗಿಸಿ ಮಾತಾಡಿದರೆ ಸೇರುತ್ತಿರಲಿಲ್ಲ ಎಂಬುದು ನನಗೆ ಅವತ್ತೇ ತಿಳಿಯಿತು.

ಮಧ್ಯಾಹ್ನದ ತನಕ ಹುಡುಕಿದೆ. ಮುಂದಿನ ಜಾಲರಿ, ಕೊಳವೆಗಳ ಬಾಯಿ, ಡ್ಯಾಶ್‌ಬೋರ್ಡಿನ ಕೆಳಗಿನ ಪೆಟ್ಟಿಗೆ, ಕಂಪ್ರೆಸರಿನ ಸುತ್ತ. ಉರಿ ನೀಲಿಯಾಗಿಯೇ ಉಳಿಯಿತು. ಒಂದು ರಬ್ಬರ್ ಪೈಪು ಹಳೆಯದಾಗಿ ಬಿರುಕು ಬಿಟ್ಟಿತ್ತು. ಇದೇ ಇರಬೇಕು ಅಂತ ಬದಲಿಸಿದೆ. ಅದೇ ಅಂತ ನಂಬುವುದು ನನಗೂ ಬೇಕಾಗಿತ್ತು. ಹೊರಡುವಾಗ ಮನೆಯಾಕೆ ರೊಟ್ಟಿ ಬುತ್ತಿ ಕಟ್ಟಿಕೊಟ್ಟರು. ಮರುವಾರವೇ ಡ್ರೈವರು ಮತ್ತೆ ಬಂದು ಅಂಗಡಿಯ ಮುಂದೆ ನಿಂತ. ಅವನ ಮುಖ ನೋಡಿದ ಮೇಲೆ ಏನಾಯಿತೆಂದು ಕೇಳಬೇಕಾದ್ದೇ ಇರಲಿಲ್ಲ.

ಈ ಸಲ ಹೋದಾಗ ಸಾಹುಕಾರರು ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಪಡಸಾಲೆಯ ಕಂಬಕ್ಕೆ ಒರಗಿ, “ಈ ವರ್ಷ ಪರೀಕ್ಷಾ ಬಿಡಸೂಣು,” ಅಂದರು. “ಮೆಟ್ರಿಕ್ ಆಗಿ ಏನ್ ಮಾಡಬೇಕಾಗೈತಿ ಅಕಿ. ಜೀವ ಇದ್ರ ಸಾಕು.”

ಹುಡುಗಿಯೇ ಒದ್ದೆ ಟವೆಲ್ ಸರಿಮಾಡಿಕೊಳ್ಳುತ್ತ ಒಳಕೋಣೆಯಿಂದ ಹೊರಗೆ ಬಂದಳು. ಕಣ್ಣು ಕೆಂಪಾಗಿದ್ದವು. ಆದರೆ ಅತ್ತುಕೊಂಡು ಬಂದವಳ ಹಾಗೆ ಮಾತಾಡಲಿಲ್ಲ.

“ಅಣ್ಣಾರ, ಒಂದ ಮಾತು ಕೇಳ್ಲ್ಯಾ? ದೀಪಾವಳಿ ಮುಂದ ಡಾಕ್ಟರಿಗೆ ತೋರಸಾಕ ಹುಬ್ಬಳ್ಳಿಗೆ ಹೋಗಿದ್ವಿ. ಅಲ್ಲಿಂದ ಬಳ್ಳಾರಿಗೆ. ದಿನಾ ತಿರುಗ್ಯಾಟ. ಆಗ ಒಂದ ದಿನಾನೂ ತಂಪು ಕಡಿಮಿ ಆಗ್ಲಿಲ್ಲ. ಮನಿಗೆ ಬಂದು ತಾಡಪತ್ರಿ ಹೊಚ್ಚಿ ಇಟ್ವಿ ನೋಡ್ರಿ, ಮುಂದ ತಗದಾಗ ಖಾಲಿ. ಪ್ರತಿ ಸಲಾನೂ ಹಂಗ. ಓಡಿದಾಗ ಹೋಗೂದಿಲ್ಲ, ನಿಂತಾಗ ಹೋಗತೈತಿ. ಇದು ಹೆಂಗ?”

ನಾನು ಡ್ರೈವರನ್ನು ನೋಡಿದೆ. ಅವನು ಹಣೆ ಉಜ್ಜಿಕೊಂಡ. “ಖರೇ ಐತ್ರಿ. ಆದರ ಗಾಡಿ ಸುಮ್ಮನ ನಿಂದರ್ಸೂದಿಲ್ಲ ನಾನು. ಬ್ಯಾಟರಿ ಸಲುವಾಗಿ ವಾರಕ್ಕೊಮ್ಮಿ ಇಂಜಿನ್ ಚಾಲೂ ಮಾಡ್ತೀನಿ.”

“ಎ.ಸಿ. ಹಚ್ಚತಿದ್ರೇನು?”

“ಎಲ್ಲಿ ಹಚ್ಚೂದ್ರಿ. ಸಣ್ಣವ್ವಾರ ಕುಂತಾಗ ಬಿಟ್ರ ಮುಟ್ಟಬಾರದು ಅಂತ ಸಾವ್ಕಾರ್ರು ಹೇಳ್ಯಾರ.”

ಕಟ್ಟೆಯ ಮೇಲೆ ಕೂತುಬಿಟ್ಟೆ. ನಾವೆಲ್ಲ ಕಾರಿನ ಕೀಲುಗಳನ್ನು ನೋಡುತ್ತಿದ್ದೆವು. ಅವಳು ಕಾರಿನ ದಿನಗಳನ್ನು ನೋಡಿದ್ದಳು. ಅದರೊಳಗೆ ಕೂರಬೇಕಾದವಳು ಅವಳು, ತಂಪು ಯಾವತ್ತು ಇತ್ತು ಯಾವತ್ತು ಇರಲಿಲ್ಲ ಎಂಬುದು ಅವಳಿಗೆ ನೆನಪಿಟ್ಟುಕೊಳ್ಳುವ ಸಂಗತಿಯೇ ಆಗಿರಲಿಲ್ಲ, ಮೈಯೇ ನೆನಪಿಟ್ಟಿತ್ತು.

ನಾನು ಹುಡುಕಿದ್ದು ಪ್ರತಿ ಸಲವೂ ಗ್ಯಾಸು ತುಂಬಿ, ಎ.ಸಿ. ಓಡಿಸಿ ನೋಡಿದ ಮೇಲೆ. ಓಡುವಾಗ ಕಂಪ್ರೆಸರಿನ ಒಳಗಿನ ಎಣ್ಣೆ ಎಲ್ಲ ಕಡೆ ಹರಿದಾಡುತ್ತದೆ. ಕಂಪ್ರೆಸರಿನಿಂದ ಹೊರಗೆ ಬರುವ ದಂಡದ ಸುತ್ತ ಒಂದು ಸೀಲ್ ಇರುತ್ತದೆ, ಗ್ಯಾಸು ಹೊರಬರದಂತೆ ತಡೆಯುವ ಉಂಗುರ. ಅದಕ್ಕೆ ಎಣ್ಣೆ ತಾಗುತ್ತಿದ್ದರೆ ಒತ್ತಾಗಿ ಕೂರುತ್ತದೆ. ದಿನಗಟ್ಟಲೆ ಕಂಪ್ರೆಸರ್ ತಿರುಗದೆ ಹೋದರೆ ಎಣ್ಣೆ ಇಳಿದು, ಸೀಲ್ ಒಣಗಿ, ಸಂದು ಬಿಡುತ್ತದೆ. ಇಂಜಿನ್ ಚಾಲೂ ಮಾಡಿದರೆ ಪ್ರಯೋಜನವಿಲ್ಲ. ಎ.ಸಿ. ಹಚ್ಚದಿದ್ದರೆ ಕಂಪ್ರೆಸರಿನ ಮುಂದಿನ ಚಕ್ರವಷ್ಟೇ ಸುತ್ತುತ್ತದೆ, ಒಳಗಿನ ದಂಡ ಅಲುಗುವುದಿಲ್ಲ.

ಇದೆಲ್ಲ ಇನ್ನೂ ಊಹೆ. ಕಣ್ಣಾರೆ ಕಾಣಬೇಕಿತ್ತು. ಗ್ಯಾಸು ತುಂಬಿ, ಯಾರೂ ಮುಟ್ಟಬೇಡಿ ಎಂದು ಹೇಳಿ ಬಂದೆ. ನಾಲ್ಕಾರು ದಿನ ಬಿಟ್ಟು ಹಿಂದಿನ ಸಂಜೆಯೇ ಹೋಗಿ ಅವರ ಅಂಗಡಿಯಲ್ಲಿ ಮಲಗಿ, ಬೆಳಗಾಗುತ್ತಲೇ, ಗಾಳಿ ಏಳುವ ಮೊದಲು, ದೀಪ ಹಚ್ಚಿದೆ. ಎ.ಸಿ. ಇರಲಿ, ಇಂಜಿನ್ನನ್ನೂ ಚಾಲೂ ಮಾಡಲಿಲ್ಲ. ಆ ಗ್ಯಾಸು ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತದೆ. ಅದಕ್ಕೇ ಅಂಗಾತ ಮಲಗಿ, ನಳಿಕೆಯನ್ನು ಕಂಪ್ರೆಸರಿನ ಚಕ್ರದ ಹಿಂದೆ, ಕೆಳಗಿನಿಂದ ಹಿಡಿದೆ.

ಮೊದಲು ಉರಿ ನೀಲಿಯಾಗಿಯೇ ಇತ್ತು. ಉಸಿರು ಹಿಡಿದು ಕಾದೆ. ಅಂಚಿನಲ್ಲಿ ಒಂದು ತೆಳುವಾದ ಹಸಿರು ಬಂತು, ಹೋಯಿತು, ಮತ್ತೆ ಬಂದು ನಿಂತಿತು.

“ಬಂತು,” ಎಂದೆ. ಕೂಗಬೇಕೆಂದಿದ್ದೆ, ಪಿಸುಮಾತಾಗಿ ಬಂತು.

ಬೆಳಗಿನ ತಂಪು ಇನ್ನೂ ಇದ್ದುದರಿಂದ ಹುಡುಗಿ ಹಿತ್ತಲಿಗೇ ಬಂದು, ನೆಲಕ್ಕೆ ಬಗ್ಗಿ ಕಾರಿನ ಕೆಳಗೆ ನೋಡಿದಳು. ಸಾಹುಕಾರರು ಧೋತರದ ಅಂಚು ಎತ್ತಿಕೊಂಡು ಮಂಡಿಯೂರಿದರು. ಡ್ರೈವರ್ ಆಚೆಯಿಂದ ಇಣುಕಿದ. ಆ ಮೂವರ ಮುಖಗಳನ್ನು ನಾನು ಮಲಗಿದಲ್ಲಿಂದ ತಲೆಕೆಳಗಾಗಿ ಕಂಡೆ. ನನ್ನ ಕೆಲಸದ ವರ್ಷಗಳಲ್ಲಿ ಅನೇಕ ಸಲ ಆ ಹಸಿರನ್ನು ನೋಡಿದ್ದೇನೆ, ಅಷ್ಟು ಜನ ಒಟ್ಟಿಗೆ ಬಗ್ಗಿ ನೋಡಿದ್ದು ಅದೊಂದೇ ಸಲ.

ಆ ಸೀಲ್ ನಮ್ಮ ಕಡೆ ಸಿಗುವಂಥದ್ದಲ್ಲ. ಹೈದರಾಬಾದಿಗೆ ಹೋದೆ. ಉಸ್ತಾದರು ತಮ್ಮ ಡಬ್ಬಿಗಳನ್ನೆಲ್ಲ ಕೆದಕಿ ಸರಿಯಾದ ಅಳತೆಯದನ್ನು ಹುಡುಕಿಕೊಟ್ಟರು. ನಾನು ಕಾರಿನ ಕತೆ ಹೇಳಿದಾಗ, ಅದನ್ನು ಜೋಪಾನ ಮಾಡಿ ಮಾಡಿಯೇ ಕೆಡಿಸಿದ್ದಾರೆ ಎಂದು ಉರ್ದುವಿನಲ್ಲಿ ಗೊಣಗಿದರು. ಚಳಿಗಾಲದಲ್ಲೂ ವಾರಕ್ಕೊಮ್ಮೆ ಎ.ಸಿ. ಓಡಿಸಲೇಬೇಕು, ಇಲ್ಲದಿದ್ದರೆ ಹೊಸ ಸೀಲೂ ಅದೇ ದಾರಿ ಹಿಡಿಯುತ್ತದೆ ಎಂದು ಹೇಳಿ ಕಳಿಸಿದರು.

ಸೀಲ್ ಕೂಡಿಸಿ, ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ತೆಗೆದು, ಗ್ಯಾಸು ತುಂಬಿದ ದಿನ ಉಸ್ತಾದರ ಮಾತನ್ನು ಸಾಹುಕಾರರಿಗೆ ಹೇಳಿದೆ.

“ಬಳಸದ ಇಟ್ರ ಕೆಡತೈತ್ರಿ ಇದು. ಬ್ಯಾಸಿಗಿ ಇರಲಿ, ಥಂಡಿ ಇರಲಿ, ವಾರಕ್ಕೊಮ್ಮಿ ಎ.ಸಿ. ಹಚ್ಚಿ ಒಂದ ಸುತ್ತು ಹೊಡಿಸಬೇಕು.”

“ಖಾಲಿ ಗಾಡಿ ಓಡಸೂದೇನು?”

“ಖಾಲಿ ಯಾಕಪ್ಪಾ?” ಕಿಟಕಿಯ ತಟ್ಟಿಯ ಹಿಂದಿನಿಂದ ದನಿ ಬಂತು. “ನಾ ಕುಂದರ್ತೀನಲ್ಲ.”

ತಂಬಿಗೆ ಹಿಡಿದು ನಿಂತಿದ್ದ ತಾಯಿಯ ಕೈಯಿಂದ ನೀರು ನೆಲದ ಮೇಲೆ ಸುರಿಯುತ್ತಿತ್ತು, ಅವರಿಗೆ ಅದರ ಎಚ್ಚರವಿರಲಿಲ್ಲ. “ನಡುದಾರ್ಯಾಗ ನಿಂತ್ರ?” ಅಂದರು. ಅವರ ಕಣ್ಣ ಮುಂದೆ ಯಾವ ದಾರಿ ಇತ್ತೋ ನನಗೆ ಗೊತ್ತಿತ್ತು. ಸಾಹುಕಾರರೂ ಅದನ್ನೇ ನೋಡುತ್ತಿದ್ದರು ಅನಿಸುತ್ತದೆ. ಕಾರು ನಿಲ್ಲುವುದೇ ಇಲ್ಲ ಎಂದು ಯಾವ ಮೆಕ್ಯಾನಿಕ್ ಹೇಳಬಲ್ಲ?

ಡ್ರೈವರೇ ಬಾಯಿಬಿಟ್ಟ. “ನೀರಿನ ಕೊಡ ಹಿಂದ ಇಡೂಣ್ರಿ, ಎರಡ ಇಡೂಣ್ರಿ. ಐಸೂ ಇಟ್ಟಗೋಳೂಣು. ಈ ಅಣ್ಣಾರು ಮೊದಲ ಸಲ ಜೋಡಿ ಬರ್ಲಿ. ಪರೀಕ್ಷಾದ ದಿನಾನ ಮೊದಲ ಸಲ ಕರ್ಕೊಂಡ ಹೋಗೂದಕ್ಕಿಂತ, ಅದಕ್ಕ ಮೊದಲ ಒಮ್ಮಿ ಹೋಗಿ ನೋಡೂದು ಛಲೋ ಅಲ್ರಿ?”

ಸಾಹುಕಾರರು ಕಿಟಕಿಯ ಕಡೆ ತಿರುಗಿ, “ಎಲ್ಲಿಗೆ ಹೋಗ್ತಿ?” ಎಂದು ಕೇಳಿದರು.

“ಕಾಲವಿ ಕಡೆ,” ಅಂದಳು, ಬಹಳ ದಿನದಿಂದ ಆ ಪ್ರಶ್ನೆಗೆ ಕಾಯುತ್ತಿದ್ದವಳ ಹಾಗೆ. “ಬ್ಯಾಸಿಗ್ಯಾಗೂ ಅಲ್ಲಿ ಹೊಲ ಹಸರ ಇರತಾವಂತ. ನೋಡಬೇಕು.”

ಮರುವಾರ ಹೊರಟೆವು. ಮುಂದೆ ಡ್ರೈವರು ಮತ್ತು ನಾನು, ಹಿಂದೆ ಅಪ್ಪ, ಅವ್ವ, ನಡುವೆ ಹುಡುಗಿ. ಡಿಕ್ಕಿಯಲ್ಲಿ ನೀರಿನ ಕೊಡಗಳು, ಕಟ್ಟಿಗೆಹೊಟ್ಟಿನಲ್ಲಿ ಹೂತ ಐಸಿನ ಗಡ್ಡೆ. ಕೊಪ್ಪಳ ದಾಟುವ ಹೊತ್ತಿಗೆ ಸೂರ್ಯ ನೆತ್ತಿಯ ಹತ್ತಿರ ಬಂದಿದ್ದ. ನನ್ನ ಕಣ್ಣು ರಸ್ತೆಯ ಮೇಲೆ, ಕಿವಿ ಕಂಪ್ರೆಸರಿನ ಮೇಲೆ, ಒಂದು ಕೈ ಗಾಳಿ ಬರುವ ಜಾಲರಿಯ ಮೇಲೆ. ತಾಯಿ ಮಗಳ ಹಣೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದರು.

ಹುಡುಗಿ ಮೊದಮೊದಲು ಒಂದೇ ಸಮನೆ ಮಾತಾಡುತ್ತಿದ್ದಳು. ಆಮೇಲೆ ಮಾತು ನಿಂತಿತು. ತಿರುಗಿ ನೋಡಿದೆ. ತಾಯಿಯ ಮೇಲೆ ಬಾಗಿ, ಹಣೆಯನ್ನು ಕಿಟಕಿಯ ಗಾಜಿನ ಹತ್ತಿರ ತಂದು ಹೊರಗೆ ನೋಡುತ್ತಿದ್ದಳು. ಬಯಲಿನ ಮೇಲೆ ಬಿಸಿಲು ನೀರಿನಂತೆ ನಡುಗುತ್ತಿತ್ತು. ಒಂದು ಜಾಲಿಯ ಗಿಡದ ಕೆಳಗೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ನಿಂತಿದ್ದವು. ದಾರಿಯಲ್ಲಿ ಒಬ್ಬ ಮನುಷ್ಯ ತಲೆಯ ಮೇಲೆ ಟವೆಲ್ ಹಾಕಿಕೊಂಡು, ತನ್ನ ನೆರಳನ್ನು ತಾನೇ ತುಳಿಯುತ್ತ ನಡೆದಿದ್ದ. ನಮಗೆಲ್ಲ ಇದು ದಿನಾ ಕಾಣುವ, ಕಂಡು ಶಪಿಸುವ ಬಿಸಿಲು.

“ಮಧ್ಯಾಹ್ನದಾಗ ಊರು ಹಿಂಗ ಇರತೈತೇನು,” ಅಂದಳು ಮೆಲ್ಲಗೆ. “ನಾ ನೋಡಿದ್ದಿಲ್ಲ.”

ಸಾಹುಕಾರರು ಆಚೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಗಂಗಾವತಿ ದಾಟಿ ಮರಳಿಯ ಹತ್ತಿರ ಕಾರು ನಿಲ್ಲಿಸಿದೆವು, ಇಂಜಿನ್ ಚಾಲೂ ಇಟ್ಟುಕೊಂಡೇ. ರಸ್ತೆಯ ಎರಡೂ ಬದಿಗೆ ಭತ್ತ ಕಣ್ಣು ಹೋಗುವ ತನಕ ಹಸಿರಾಗಿತ್ತು. ಕಾಲುವೆಯ ನೀರು ದಡ ಮುಟ್ಟಿ ಹರಿಯುತ್ತಿತ್ತು. ತೆಲುಗು ಮಾತಾಡುತ್ತ ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳು ತಲೆಯೆತ್ತಿ ಕಾರನ್ನು ನೋಡಿದರು. ಹುಡುಗಿ ಡ್ರೈವರನ ಕೈಲಿ ಡಿಕ್ಕಿಯ ಕೊಡದ ನೀರಿನಲ್ಲಿ ಟವೆಲ್ ಅದ್ದಿಸಿಕೊಂಡು, ತಲೆ ತುಂಬ ಹೊದ್ದು, ಯಾರನ್ನೂ ಕೇಳದೆ ತಾಯಿಯನ್ನು ದಾಟಿ ಬಾಗಿಲು ತೆಗೆದು ಇಳಿದಳು. ಗಟ್ಟಿಯಾದ ಹೆಜ್ಜೆಯಲ್ಲಿ ಬದುವಿನ ತನಕ ಹೋಗಿ, ಬಗ್ಗಿ ಗದ್ದೆಯ ನೀರಿನಲ್ಲಿ ಎರಡೂ ಕೈ ಅದ್ದಿ, ತಿರುಗಿ ಬಂದು ಕಾರಿನಲ್ಲಿ ಕೂತಳು. ಮುಖ ಕೆಂಪಾಗಿತ್ತು. ತಾಯಿ ಗಾಬರಿಯಿಂದ ಐಸು ತಂದು ಕತ್ತಿಗೆ ಒತ್ತಿದರು. ಹುಡುಗಿ ನಗುತ್ತಿದ್ದಳು. ಕಾರಿನೊಳಗಿನ ತಂಪು ನಿಧಾನವಾಗಿ ಅವಳ ಮುಖದ ಕೆಂಪನ್ನು ಇಳಿಸಿತು. ತಾಯಿ ಹಣೆಯ ಮೇಲಿನ ಕೈ ತೆಗೆದರು, ದಾರಿಯಲ್ಲಿ ಮತ್ತೆ ಇಡಲಿಲ್ಲ.

ಏಪ್ರಿಲ್ಲಿನಲ್ಲಿ ಅವಳು ಯಲಬುರ್ಗಾಕ್ಕೆ ಹೋಗಿ ಪರೀಕ್ಷೆ ಬರೆದಳು. ಕಿಟಕಿಯ ಪಕ್ಕ ನೆರಳಿನ ಜಾಗ, ಮಗ್ಗುಲಿಗೆ ಒಂದು ಮಣ್ಣಿನ ಗಡಿಗೆ, ಒದ್ದೆ ಟವೆಲ್ಲಿಗೆ ಪರವಾನಗಿ, ಇಷ್ಟನ್ನು ಅಲ್ಲಿಯ ಮಾಸ್ತರರು ಮಾಡಿಕೊಟ್ಟರು. ಹೊರಗೆ ಬೇವಿನ ಗಿಡದ ಕೆಳಗೆ ಡ್ರೈವರು ಎ.ಸಿ. ಹಚ್ಚಿಕೊಂಡು ಕಾಯುತ್ತಿದ್ದ. ಒಂದು ದಿನ ಟವೆಲ್ಲಿನ ನೀರು ಹಾಳೆಯ ಮೇಲೆ ತೊಟ್ಟಿಕ್ಕಿ ಶಾಯಿ ಕಲಸಿಹೋಯಿತಂತೆ. ಅವಳು ಇನ್ನೊಂದು ಹಾಳೆ ಕೇಳಿ ಇಸಿದುಕೊಂಡು ಮೊದಲಿನಿಂದ ಬರೆದಳಂತೆ. ಪಾಸಾದ ಸುದ್ದಿಯನ್ನು ಸಾಹುಕಾರರೇ ಪೇಢೆ ತೆಗೆದುಕೊಂಡು ಬಂದು ಹೇಳಿದರು.

ಆ ಕಾರಿನ ಸೀಲು ಆಮೇಲೆ ವರ್ಷಗಳ ಕಾಲ ಸೋರಲಿಲ್ಲ. ಸೋರಲು ಅದಕ್ಕೆ ಬಿಡುವೇ ಇರಲಿಲ್ಲ ಎಂದು ಡ್ರೈವರು ಹೇಳುತ್ತಿದ್ದ. ವಾರಕ್ಕೊಂದು ಸುತ್ತು ಎಂದು ಶುರುವಾದದ್ದು ಎರಡಾಯಿತು, ಮೂರಾಯಿತು. ಕುಷ್ಟಗಿಯ ಸೋದರಮಾವನ ಮನೆ, ಕೊಪ್ಪಳದ ಕಾಲೇಜು. ಪಕ್ಕದ ಮನೆಯ ಬಾಣಂತಿಯನ್ನು ದವಾಖಾನೆಗೆ ಕರೆದೊಯ್ಯುವುದಿದ್ದರೂ ಅದೇ ಕಾರು. ಜೊತೆಗೆ ಅವಳು. ನನ್ನ ಕೆಲಸದಲ್ಲಿ ನಾನು ಅಲ್ಲಿಯ ತನಕ ಸೋರುವುದನ್ನು ಮಾತ್ರ ಹುಡುಕುತ್ತಿದ್ದೆ. ಆ ಮೇಲಿಂದ, ಯಂತ್ರ ಕೆಟ್ಟಿದೆ ಎಂದು ಯಾರಾದರೂ ಬಂದರೆ, ಅದನ್ನು ಹೇಗೆ ಇಟ್ಟುಕೊಂಡಿದ್ದೀರಿ, ಯಾರು ಬಳಸುತ್ತಾರೆ, ಯಾವಾಗ ಸುಮ್ಮನಿರುತ್ತದೆ ಎಂದು ಮೊದಲು ಕೇಳುವ ರೂಢಿಯಾಯಿತು. ಬಳಸುವವರಿಗೆ ಗೊತ್ತಿರುವುದು ಪಾನಾ ಹಿಡಿದು ರಿಪೇರಿ ಮಾಡುವವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವಳು ಒಮ್ಮೆ ನನ್ನ ಅಂಗಡಿಗೆ ಬಂದಿದ್ದಳು. ಟೀಚರ್ ಆಗಿ ಕೆಲಸ ಸಿಕ್ಕಿತ್ತು. ಬೇಸಿಗೆಯಲ್ಲಿ ನಮ್ಮ ಕಡೆ ಸಾಲಿ ಮುಂಜಾನೆ ನಡೆದು ಬಿಸಿಲೇರುವ ಮೊದಲು ಬಿಡುತ್ತದೆ, ಅದು ಅವಳಿಗೆ ಅನುಕೂಲವಾಗಿತ್ತು. ಹುಲ್ಲಿನ ಪರದೆಯ ಮೇಲೆ ನೀರು ಇಳಿಯುವ ಏರ್ ಕೂಲರನ್ನು ಆಗಷ್ಟೇ ನಾನು ಮಾರಾಟಕ್ಕೆ ಇಟ್ಟಿದ್ದೆ. ಅದನ್ನು ನೋಡಲು ಬಂದಿದ್ದಳು.

“ಮನಿಗೇನು?” ಅಂದೆ.

“ಅಲ್ರಿ, ಸಾಲಿಗೆ. ಹುಡುಗ್ರು ಬ್ಯಾಸಿಗ್ಯಾಗ ಸುಸ್ತ ಆಗ್ತಾವು. ನನ್ನ ಸಲುವಾಗಿ ಅಂತ ಹೆಡ್‌ಮಾಸ್ತರ್ರಿಗೆ ಹೇಳೇನಿ, ಬ್ಯಾಡ ಅನ್ನಾಂಗಿಲ್ಲ ಅವರು.”

ಕೂಲರನ್ನು ಚಾಲೂ ಮಾಡಿ ತೋರಿಸಿದೆ. ಅವಳು ಅದರ ಮುಂದೆ ಕೈ ಹಿಡಿದು, ಹಿಂದೆ ಹೋಗಿ, ನೀರು ಎಲ್ಲಿ ತುಂಬಬೇಕು, ಯಾವ ಕಡೆ ಇಟ್ಟರೆ ಕೊನೆಯ ಸಾಲಿನ ತನಕ ಗಾಳಿ ಮುಟ್ಟುತ್ತದೆ ಎಂದೆಲ್ಲ ಕೇಳಿದಳು. ಆಮೇಲೆ ಡ್ರೈವರನ್ನು ಕರೆದಳು. ಅವನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನಾವಿಬ್ಬರೂ ಕೂಡಿ ಕೂಲರನ್ನು ಕಾರಿನ ಮೇಲಿನ ಕ್ಯಾರಿಯರಿಗೆ ಎತ್ತಿಟ್ಟು ಹಗ್ಗದಿಂದ ಬಿಗಿದೆವು. ಅವಳು ಮುಂದಿನ ಸೀಟಿನಲ್ಲಿ ಕೂತು, ಹೊತ್ತಾಯಿತು ನಡೆಯಿರಿ ಎಂದು ಡ್ರೈವರನ್ನು ಅವಸರಪಡಿಸಿದಳು.